ಅಂಗೈಯ ನಕ್ಷೆ, ಅಂಗಾಲಿನ ದಾರಿ

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ನಿಂತಾಗ ಇಳಿಯುವವರಲ್ಲಿ ಎರಡು ಬಗೆ. ಪ್ಲಾಟ್‌ಫಾರಂ ಮೇಲೆ ಕಾಲಿಟ್ಟ ಕೂಡಲೇ ಯಾವ ಕಡೆಗೂ ನೋಡದೆ ಸರಸರನೆ ಹೊರಟುಬಿಡುವವರು ಒಂದು ಬಗೆ. ಅವರು ಇದೇ ಊರಿನವರು, ಇಲ್ಲವೇ ವಾರಕ್ಕೊಮ್ಮೆ ಬಂದುಹೋಗುವ ಕೊಬ್ಬರಿ ವ್ಯಾಪಾರದವರು. ಇನ್ನೊಂದು ಬಗೆಯವರು ಬ್ಯಾಗನ್ನು ಕಾಲ ಬಳಿ ಇಳಿಸಿ, ಜೇಬಿನಿಂದ ಮೊಬೈಲ್ ತೆಗೆದು, ಅದನ್ನು ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುಗಿಸುತ್ತ ನಿಂತುಬಿಡುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮೊಬೈಲಿನ ಜೊತೆಗೆ ಅವರೂ ತಿರುಗತೊಡಗುತ್ತಾರೆ. ಬೇಲೂರು, ಹಳೇಬೀಡು ನೋಡಲು ಹೊರಟವರು ಇವರೇ ಎಂದು ಯಾರೂ ಹೇಳಬೇಕಾಗಿಲ್ಲ.

ಪಿಯುಸಿ ಓದುವ ಮಗಳು, ಜೊತೆಯಲ್ಲಿ ಅವಳ ತಂದೆ. ರಜೆಯ ದಿನಗಳಲ್ಲಿ ಇಂಥ ಜೋಡಿ ಈ ನಿಲ್ದಾಣಕ್ಕೆ ಅಪರೂಪವಲ್ಲ. ಮಗಳ ಕೈಯಲ್ಲಿ ಮೊಬೈಲು, ತಂದೆಯ ಕೈಯಲ್ಲಿ ನೀರಿನ ಬಾಟಲು. ಮಗಳಿಗೆ ನಕ್ಷೆಯ ಮೇಲೆ ಪೂರ್ಣ ನಂಬಿಕೆ. ತಂದೆಗೆ ಯಾರನ್ನಾದರೂ ಒಂದು ಮಾತು ಕೇಳಿಬಿಡೋಣ ಎಂಬ ತವಕ. "ಇರಿ ಅಪ್ಪಾ, ಇದರಲ್ಲೇ ಇದೆ" ಎಂದು ಮಗಳು, "ಇದ್ರೆ ಹೇಳಮ್ಮಾ, ಎಡಕ್ಕೋ ಬಲಕ್ಕೋ?" ಎಂದು ತಂದೆ. ಈ ಒಂದು ಪ್ರಶ್ನೆಗೆ ಆ ಅಂಗೈಯಗಲದ ಪರದೆ ಒಡನೆ ಉತ್ತರ ಕೊಡುವುದಿಲ್ಲ. ಭೂಮಂಡಲವನ್ನೆಲ್ಲ ಒಳಗಿಟ್ಟುಕೊಂಡಿರುವ ಯಂತ್ರ, ಎಡವೋ ಬಲವೋ ಎಂದರೆ ತಡವರಿಸುವುದು ಏಕೆ? ಅರಸೀಕೆರೆಯಿಂದ ಬೇಲೂರು, ಹಳೇಬೀಡಿನವರೆಗೆ ಕಾಲ್ನಡಿಗೆಯವರ ಹಿಂದೆಯೇ ಹೋದರೆ ಇದಕ್ಕೆ ಕಾರಣಗಳು ಒಂದೊಂದಾಗಿ ಕಾಣಸಿಗುತ್ತವೆ.

ಮೊದಲನೆಯದು ನಿಲ್ದಾಣದಲ್ಲೇ ಇದೆ. ನಕ್ಷೆಯ ಮೇಲೆ ಕಾಣುವ ನೀಲಿ ಚುಕ್ಕೆಯೇ ನಾವು. ಚುಕ್ಕೆಯ ಸುತ್ತ ತೆಳುನೀಲಿಯ ಒಂದು ವೃತ್ತವೂ ಇರುತ್ತದೆ. ಹಲವರು ಅದನ್ನು ಅಲಂಕಾರ ಎಂದುಕೊಳ್ಳುತ್ತಾರೆ. ಅದು ಅಲಂಕಾರವಲ್ಲ, ತಪ್ಪೊಪ್ಪಿಗೆ. "ನೀವು ಈ ವೃತ್ತದೊಳಗೆ ಎಲ್ಲೋ ಇದ್ದೀರಿ, ಖಚಿತವಾಗಿ ಇಂಥಲ್ಲೇ ಎಂದು ಹೇಳಲಾರೆ" ಎಂದು ಮೊಬೈಲು ಹೇಳುವ ರೀತಿ ಅದು. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಸಂಕೇತ ಹಿಡಿದು ಮೊಬೈಲು ತನ್ನ ಜಾಗವನ್ನು ಲೆಕ್ಕ ಹಾಕುತ್ತದೆ. ಬಯಲಿನಲ್ಲಿ, ತಲೆಯ ಮೇಲೆ ಆಕಾಶ ತೆರೆದಿದ್ದರೆ ಈ ಲೆಕ್ಕ ಸುಮಾರು 5 ಮೀಟರಿನಷ್ಟು ಆಚೀಚೆ ಇರುತ್ತದೆ. ಕಾರಿನಲ್ಲಿ ಹೋಗುವವರಿಗೆ 5 ಮೀಟರ್ ಏನೂ ಅಲ್ಲ. ನಡೆಯುವವರಿಗೆ ಅದು ರಸ್ತೆಯ ಈ ಬದಿಗೂ ಆ ಬದಿಗೂ ಇರುವ ವ್ಯತ್ಯಾಸ. ಪ್ಲಾಟ್‌ಫಾರಮಿನ ಚಾವಣಿಯ ಕೆಳಗೆ ನಿಂತರಂತೂ ವೃತ್ತ ಇನ್ನೂ ಹಿಗ್ಗುತ್ತದೆ.

ಅದಕ್ಕಿಂತ ದೊಡ್ಡ ಗೊಂದಲ ದಿಕ್ಕಿನದು. ಎಲ್ಲಿ ಇದ್ದೇವೆ ಎಂಬುದನ್ನು ಉಪಗ್ರಹಗಳಿಂದ ತಿಳಿಯಬಹುದು. ನಿಂತಲ್ಲೇ ನಿಂತವರು ಯಾವ ಕಡೆಗೆ ಮುಖ ಮಾಡಿದ್ದಾರೆ ಎಂಬುದನ್ನು ಅವು ಹೇಳಲಾರವು. ಅದಕ್ಕಾಗಿ ಮೊಬೈಲಿನೊಳಗೆ ಪುಟ್ಟದೊಂದು ಅಯಸ್ಕಾಂತ ಮಾಪಕವಿದೆ, ಅಂದರೆ ದಿಕ್ಸೂಚಿ. ಸುತ್ತಮುತ್ತ ರೈಲು ಹಳಿ, ಉಕ್ಕಿನ ಕಂಬ, ಕಬ್ಬಿಣದ ಮೇಲ್ಸೇತುವೆ ಇದ್ದರೆ ಈ ದಿಕ್ಸೂಚಿ ದಿಕ್ಕೆಟ್ಟುಹೋಗುತ್ತದೆ. ಆದ್ದರಿಂದ ರೈಲ್ವೆ ನಿಲ್ದಾಣದಲ್ಲಿ ಮೊಬೈಲು ತೋರಿಸುವ ದಿಕ್ಕನ್ನು ನೆಚ್ಚಿ ಹೊರಡುವುದು ಒಳ್ಳೆಯದಲ್ಲ. ಉಪಾಯ ಸುಲಭವಿದೆ: ನಿಲ್ದಾಣದ ಹೊರಗೆ ಬಂದು ಯಾವುದಾದರೂ ಒಂದು ಕಡೆಗೆ ಇಪ್ಪತ್ತು ಮೂವತ್ತು ಹೆಜ್ಜೆ ನಡೆಯುವುದು. ಚುಕ್ಕೆ ನಕ್ಷೆಯಲ್ಲಿ ಎತ್ತ ಸರಿಯಿತೋ ಅತ್ತ ನಾವು ನಡೆಯುತ್ತಿದ್ದೇವೆ ಎಂದರ್ಥ. ತಪ್ಪಾಗಿದ್ದರೆ ಮೂವತ್ತು ಹೆಜ್ಜೆ ಹಿಂದಕ್ಕೆ ಬಂದರಾಯಿತು.

ಅರಸೀಕೆರೆಯಲ್ಲಿ ಇಳಿದವರು ನೇರವಾಗಿ ಬಸ್ ನಿಲ್ದಾಣಕ್ಕೆ ಓಡುವುದೇ ಹೆಚ್ಚು. ಅರಸಿಯ ಕೆರೆ ಎಂಬ ಹೆಸರನ್ನು ಹೊತ್ತ ಈ ಊರಿನಲ್ಲೇ 1220ರ ಸುಮಾರಿನ ಒಂದು ಹೊಯ್ಸಳ ಶಿವಾಲಯವಿದೆ. ಅದರ ಮುಂದಿನ ತೆರೆದ ಮಂಟಪ ನಕ್ಷತ್ರದಂತೆ ಹದಿನಾರು ಮೂಲೆಗಳಾಗಿ ಅರಳಿದೆ. ಇಂಥದ್ದು ಬೇಲೂರಿನಲ್ಲೂ ಇಲ್ಲ, ಹಳೇಬೀಡಿನಲ್ಲೂ ಇಲ್ಲ. ಆದರೂ ಇಲ್ಲಿಗೆ ಬರುವವರು ಕಡಿಮೆ. ರೈಲಿಗೂ ಬಸ್ಸಿಗೂ ನಡುವೆ ಒಂದು ಗಂಟೆ ಸಿಕ್ಕರೆ ನೋಡಿಕೊಂಡು ಬರಬಹುದೇ, ಬಸ್ಸು ತಪ್ಪೀತೇ ಎಂಬ ಲೆಕ್ಕ ಬೇಕಲ್ಲ? ನಕ್ಷೆಯಲ್ಲಿ ಅದು ಹೆಸರಿನ ಪಕ್ಕ ಕಾಣುವ ಒಂದು ಕೆಂಪು ಗುರುತು ಮಾತ್ರ. ಹತ್ತಿರವೋ ದೂರವೋ ಕಣ್ಣಿಗೆ ತಿಳಿಯುವುದಿಲ್ಲ. ಬೆರಳಿನಿಂದ ಪರದೆಯನ್ನು ಹಿಗ್ಗಿಸಿದರೆ ದೇವಾಲಯ ದೂರ ಓಡುತ್ತದೆ, ಕುಗ್ಗಿಸಿದರೆ ಅಂಗಳಕ್ಕೇ ಬಂದು ಕೂರುತ್ತದೆ.

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ವಿದ್ಯಾರ್ಥಿಗಳು ಕಾಗದ, ಪೆನ್ಸಿಲ್ ತೆಗೆದುಕೊಳ್ಳಲಿ. ಸಾಮಾನ್ಯ ಮೊಬೈಲಿನ ಪರದೆ ಸುಮಾರು 7 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದ ಇರುತ್ತದೆ. ಅರಸೀಕೆರೆಯಿಂದ ಬೇಲೂರಿಗೆ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 45 ಕಿ.ಮೀ. ಈ ಎರಡೂ ಊರುಗಳು ಪರದೆಯ ಅಗಲದಲ್ಲಿ ಹಿಡಿಯಬೇಕಾದರೆ 1 ಸೆಂ.ಮೀ.ಗೆ 6 ಕಿ.ಮೀ.ಗಿಂತ ಹೆಚ್ಚು ನೆಲ ತುಂಬಬೇಕು. ಆಗ ನೂರು ಮೀಟರ್ ಉದ್ದದ ದೇವಾಲಯದ ಆವರಣವೊಂದು ಒಂದೆರಡು ಕೂದಲೆಳೆಯಷ್ಟು ದಪ್ಪವಾಗಿ ಉಳಿಯುತ್ತದೆ. ಅದೇ ನಡೆಯುವವರ ದೃಷ್ಟಿಯಿಂದ ನೋಡಿ. ಆರಾಮವಾಗಿ ನಡೆದರೆ ಐದು ನಿಮಿಷಕ್ಕೆ ಸುಮಾರು 400 ಮೀಟರ್ ಸಾಗುತ್ತದೆ. ಅಷ್ಟು ನೆಲ ಪರದೆಯ ಅಗಲವನ್ನು ತುಂಬಿದರೆ 1 ಸೆಂ.ಮೀ.ಗೆ 57 ಮೀಟರ್ ಆಯಿತು. ಈಗ ಬೀದಿ, ತಿರುವು, ಆವರಣದ ಗೋಡೆ ಎಲ್ಲ ಕಾಣುತ್ತವೆ. ಆದರೆ ಹೋಗಬೇಕಾದ ಜಾಗವೇ ಪರದೆಯಿಂದ ಆಚೆ ಬಿದ್ದಿರುತ್ತದೆ! ಇಡೀ ದಾರಿ ಕಂಡರೆ ಬೀದಿ ಕಾಣದು, ಬೀದಿ ಕಂಡರೆ ದಾರಿ ಕಾಣದು. ಚಿಕ್ಕ ಪರದೆಯ ಮೂಲ ಸಂಕಟವೇ ಇದು. ಬೆರಳು ಹಿಗ್ಗಿಸಿ ಕುಗ್ಗಿಸಿ ಆಡುವ ಆಟವೆಲ್ಲ ಈ ಎರಡರ ನಡುವಿನ ಓಡಾಟ.

ಭಾರತ ಸರ್ವೇಕ್ಷಣ ಇಲಾಖೆಯ ಹಳೆಯ ಕಾಗದದ ಹಾಳೆಗಳಿಗೆ ಈ ಕಷ್ಟ ಇರಲಿಲ್ಲ. 50,000ಕ್ಕೆ 1ರ ಪ್ರಮಾಣದ ಒಂದು ಹಾಳೆಯನ್ನು ಮೇಜಿನ ಮೇಲೆ ಹರಡಿದರೆ ಸುಮಾರು 27 ಕಿ.ಮೀ. ಸೀಮೆ ಒಂದೇ ನೋಟಕ್ಕೆ ಸಿಗುತ್ತಿತ್ತು. ಕಣ್ಣು ಬೇಕಾದಲ್ಲಿಗೆ ತಾನೇ ಓಡಾಡುತ್ತಿತ್ತು. ಆದರೆ ಆ ಹಾಳೆಗಳೂ ದಾರಿಹೋಕರಿಗಾಗಿ ಆದವಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಕೈಗೊಂಡದ್ದು ಹೊಸ ಆಡಳಿತದ ಅಗತ್ಯಕ್ಕಾಗಿ. ಸೈನ್ಯಕ್ಕೆ, ಕಂದಾಯಕ್ಕೆ, ಆಮೇಲೆ ಮೋಟಾರಿಗೆ ನಕ್ಷೆಗಳಾದವು. ಇಂದಿನ ಮೊಬೈಲ್ ನಕ್ಷೆಯಲ್ಲಿ ರಸ್ತೆಗಳು ಎದ್ದು ಕಾಣುವುದು, ಕಾಲುಹಾದಿಗಳು ಮಸುಕಾಗಿರುವುದು ಅದೇ ವಂಶದ ಗುಣ. ನಡೆಯುವವನು ಯಾವ ಕಾಲಕ್ಕೂ ನಕ್ಷೆ ಮಾಡಿಸುವ ಯಜಮಾನನಾಗಿರಲಿಲ್ಲ.

ಅರಸೀಕೆರೆಯಿಂದ ಬಾಣಾವರ, ಜಾವಗಲ್ ಮಾರ್ಗವಾಗಿ ಬಸ್ಸು ಸಾಗುತ್ತದೆ. ಕ್ರಿಕೆಟಿಗ ಶ್ರೀನಾಥರ ಹೆಸರಿನ ಹಿಂದಿರುವ ಜಾವಗಲ್ ಇದೇ. ತೆಂಗಿನ ತೋಟಗಳ ನಡುವೆ ಬಸ್ಸು ಓಡುವಾಗ ನಕ್ಷೆ ನೋಡುವ ಅಗತ್ಯವಿಲ್ಲ, ಕಂಡಕ್ಟರ್ ಇದ್ದಾನೆ. ಆದರೂ ಮಗಳು ಮುಂದಿನ ಊರನ್ನು ಹುಡುಕುತ್ತಾಳೆ. 'ಬೇಲೂರು' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಪಶ್ಚಿಮ ಬಂಗಾಳದ ಬೇಲೂರು ಮಠವೂ ಇಣುಕೀತು. ಅರಸೀಕೆರೆ ಎಂಬ ಹೆಸರಿನ ಊರು ಹರಪನಹಳ್ಳಿ ತಾಲ್ಲೂಕಿನಲ್ಲೂ ಒಂದಿದೆ. ಹಳೇಬೀಡನ್ನು ಇಂಗ್ಲಿಷಿನಲ್ಲಿ ಬರೆಯುವವರು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ; 'ಹಳೇಬೀಡ್' ಎಂದು ಕೊನೆಯನ್ನು ಕತ್ತರಿಸುವವರೂ ಇದ್ದಾರೆ.

ಕನ್ನಡದಲ್ಲೇ ಹುಡುಕಿದರೆ ಈ ತೊಡಕು ಬಹುಮಟ್ಟಿಗೆ ಇಲ್ಲ. 2021ರ ಜನವರಿಯಲ್ಲಿ ಗೂಗಲ್ ಸಂಸ್ಥೆ ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳಲ್ಲಿ ಸ್ಥಳಗಳ ಹೆಸರನ್ನು ಯಂತ್ರದಿಂದಲೇ ಲಿಪ್ಯಂತರ ಮಾಡಿ ತೋರಿಸುವ ಏರ್ಪಾಟನ್ನು ಪ್ರಕಟಿಸಿತು. ಒಳ್ಳೆಯ ಕೆಲಸ. ಆದರೆ ಇಂಗ್ಲಿಷ್ ಅಕ್ಷರಗಳಿಗೆ ಹೋಗಿ ಮರಳಿ ಬರುವ ಹೆಸರು ದಾರಿಯಲ್ಲಿ ಕೆಲವನ್ನು ಕಳೆದುಕೊಂಡು ಬರುತ್ತದೆ. ಲಕಾರ, ಳಕಾರಗಳ ಭೇದ ಅಲ್ಲಿಲ್ಲ; ನ, ಣ ಒಂದೇ; ಹ್ರಸ್ವ, ದೀರ್ಘಗಳ ಲೆಕ್ಕವಿಲ್ಲ. ಹಳ್ಳಿ ಹಲ್ಲಿಯಾಗುವುದು ಹೀಗೆ. ತಮಾಷೆಯಂತೆ ಕಂಡರೂ ಹೆಸರು ಓದಿ ದಾರಿ ಹಿಡಿಯಬೇಕಾದವರಿಗೆ, ಅದರಲ್ಲೂ ಇಂಗ್ಲಿಷ್ ಓದಲು ಬಾರದ ಅಜ್ಜಿ, ತಾತಂದಿರಿಗೆ ಇದು ತಮಾಷೆಯಲ್ಲ. ಊರ ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಬರೆಯಬಲ್ಲವರು ಆ ಊರಿನವರೇ. ಈ ಕೆಲಸವನ್ನು ಯಂತ್ರಕ್ಕೆ ಬಿಟ್ಟುಕೊಟ್ಟು ಕೂರುವುದು ಸರಿಯಲ್ಲ.

ಈ ಸೀಮೆಗೂ ಆಕಾಶಕ್ಕೂ ಇರುವ ನಂಟನ್ನು ಇಲ್ಲಿ ನೆನೆಯಬೇಕು. ಇದೇ ಜಿಲ್ಲೆಯ ಕೇಂದ್ರವಾದ ಹಾಸನದಲ್ಲಿ ಇಸ್ರೋ ಸಂಸ್ಥೆಯ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೆ. ಸುಮಾರು 36,000 ಕಿ.ಮೀ. ಎತ್ತರದ ಭಾರತೀಯ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಅದು. ಜಿಪಿಎಸ್ ಅಮೆರಿಕದ್ದು. ಭಾರತ ತನ್ನದೇ ದಿಕ್ಕು ತೋರುವ ವ್ಯವಸ್ಥೆಯನ್ನು ಕಟ್ಟಲು ಹೊರಟು 2013ರ ಜುಲೈ 1ರಂದು ಮೊದಲ ಉಪಗ್ರಹವನ್ನು ಹಾರಿಸಿತು. ಅದೇ ಇಂದಿನ ನ್ಯಾವಿಕ್. ಆ ಉಪಗ್ರಹಗಳ ಲಗಾಮೂ ಹಾಸನದ ಕೈಯಲ್ಲಿದೆ. ಹಾಸನದವರು ಆಕಾಶದಲ್ಲಿ ದಾರಿ ತಪ್ಪದಂತೆ ನೋಡಿಕೊಳ್ಳುತ್ತಾರೆ. ಹಾಸನ ಜಿಲ್ಲೆಗೆ ಬಂದವರು ಬಸ್ ನಿಲ್ದಾಣದ ಮುಂದೆ ದಾರಿ ತಪ್ಪುತ್ತಾರೆ.

ಬೇಲೂರಿನಲ್ಲಿ ಇಳಿದರೆ ದೇವಾಲಯಕ್ಕೆ ಹತ್ತು ನಿಮಿಷದ ನಡಿಗೆ. ದೇವಾಲಯದ ಬೀದಿಗೆ ತಿರುಗಿದರೆ ರಾಯಗೋಪುರ ಎದುರಿಗೇ ಎದ್ದು ನಿಲ್ಲುತ್ತದೆ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನಿಗೆ ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ, 1397ರಲ್ಲಿ, ಗುಂಡ ಎಂಬ ದಂಡನಾಯಕ ಮತ್ತೆ ಕಟ್ಟಿಸಿಕೊಟ್ಟ ಗೋಪುರವಿದು. ಹೊಯ್ಸಳರದ್ದಲ್ಲದಿದ್ದರೂ ದಾರಿ ತೋರಿಸುವುದರಲ್ಲಿ ಇದಕ್ಕೆ ಸಮನಾದದ್ದು ಬೇರೊಂದಿಲ್ಲ. ಇಷ್ಟಾಗಿಯೂ ಮಗಳು ಅನುಮಾನದಿಂದ ನಿಲ್ಲುತ್ತಾಳೆ. ಗೋಪುರ ಎದುರಿಗಿದೆ. ಆದರೆ ನಕ್ಷೆಯಲ್ಲಿ ದಾರಿ ಎಡಕ್ಕೆ ಹೋಗುತ್ತಿದೆ!

ತಪ್ಪು ಯಾರದೂ ಅಲ್ಲ. ದೇವಾಲಯ ಪೂರ್ವಾಭಿಮುಖವಾಗಿದೆ. ಗೋಪುರ ಪೂರ್ವದ ಗೋಡೆಯಲ್ಲಿದೆ. ಆದ್ದರಿಂದ ಅದರ ಕಡೆಗೆ ನಡೆಯುವವರು ಪಶ್ಚಿಮಕ್ಕೆ ನಡೆಯುತ್ತಾರೆ. ನಕ್ಷೆಯಲ್ಲಿ ಉತ್ತರ ಮೇಲಿರುತ್ತದೆ, ಪಶ್ಚಿಮ ಎಡಕ್ಕಿರುತ್ತದೆ. ಆದ್ದರಿಂದ ನೇರ ನಡೆದವರ ಚುಕ್ಕೆ ಎಡಕ್ಕೆ ಸರಿಯುತ್ತದೆ. ಇದನ್ನು ಮನಸ್ಸಿನೊಳಗೆ ತಿರುಗಿಸಿಕೊಂಡು ಅರ್ಥ ಮಾಡಿಕೊಳ್ಳುವವರಿದ್ದಾರೆ. ಆಗದೆ ತಲೆಯನ್ನೋ ಮೊಬೈಲನ್ನೋ ತಿರುಗಿಸುವವರೇ ಹೆಚ್ಚು. ಹಾಗೆ ತಿರುಗಿಸುವವರನ್ನು ನೋಡಿ ನಗಬಾರದು, ಅವರು ಮಾಡುತ್ತಿರುವುದೇ ಸರಿ. ಲಂಡನ್ನಿನಲ್ಲಿ 2007ರಲ್ಲಿ ಬಾಂಡ್ ಸ್ಟ್ರೀಟ್ ಸುತ್ತ ಪ್ರಯೋಗವಾಗಿ ನಿಲ್ಲಿಸಿದ, ಆಮೇಲೆ ನಗರವೆಲ್ಲ ಹಬ್ಬಿದ 'ಲೆಜಿಬಲ್ ಲಂಡನ್' ಫಲಕಗಳಲ್ಲಿ ಉತ್ತರವನ್ನು ಮೇಲಿಡುವ ಪದ್ಧತಿಯನ್ನೇ ಕೈಬಿಟ್ಟರು. ಫಲಕದ ಮುಂದೆ ನಿಂತವರಿಗೆ ಎದುರಿಗೆ ಏನಿದೆಯೋ ಅದೇ ನಕ್ಷೆಯಲ್ಲೂ ಮೇಲಿರುತ್ತದೆ. ಐದು ನಿಮಿಷ ನಡೆದರೆ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಒಂದು ವೃತ್ತವನ್ನೂ ಬರೆದರು. ಮೀಟರಿನ ಲೆಕ್ಕ ತಿಳಿಯದವರಿಗೂ ಐದು ನಿಮಿಷ ಎಂದರೆ ತಿಳಿಯುತ್ತದೆ. ಅರಸೀಕೆರೆಯ ಶಿವಾಲಯಕ್ಕೆ ಹೋಗಬೇಕೋ ಬೇಡವೋ ಎಂದು ಗಡಿಯಾರ ನೋಡಿಕೊಂಡು ಹಿಂಜರಿದವರಿಗೆ ಬೇಕಾಗಿದ್ದದ್ದು ಇಂಥ ವೃತ್ತವೇ.

ಮೊಬೈಲಿನಲ್ಲೂ ನಕ್ಷೆಯನ್ನು ನಡೆಯುವ ದಿಕ್ಕಿಗೆ ತಿರುಗಿಸಿಕೊಳ್ಳುವ ಸೌಲಭ್ಯ ಇದೆ. ದಿಕ್ಸೂಚಿಯ ಚಿಹ್ನೆಯನ್ನೋ ನೀಲಿ ಚುಕ್ಕೆಗೆ ಮರಳುವ ಗುಂಡಿಯನ್ನೋ ಒತ್ತಿದರೆ ಸಿಗುತ್ತದೆ. ಎಷ್ಟು ಜನರಿಗೆ ಗೊತ್ತು ಎಂಬುದು ಬೇರೆ ಮಾತು. ಇನ್ನು ನಡಿಗೆಯ ಸೂಚನೆಗಳು "ವಾಯವ್ಯಕ್ಕೆ ಹೊರಡಿ" ಎಂದೇ ಶುರುವಾಗುವುದುಂಟು. ವಾಸ್ತು ನೋಡುವವರಿಗೆ ವಾಯವ್ಯ ಗೊತ್ತು, ಬಸ್ಸಿಳಿದವರಿಗೆ ಹೇಗೆ ಗೊತ್ತಾಗಬೇಕು?

ಹಾಗೆಂದು ದಿಕ್ಕುಗಳು ನಮ್ಮವರಿಗೆ ಹೊಸವಲ್ಲ. ಹಳ್ಳಿಗಳಲ್ಲಿ ಇಂದಿಗೂ ಮೂಡಲ ಗದ್ದೆ, ಪಡುವಲ ಮನೆ, ತೆಂಕಲ ಕೇರಿ, ಬಡಗಲ ತೋಟ ಎನ್ನುವ ಮಾತಿದೆ. ಎಡ, ಬಲ ಆಳು ತಿರುಗಿದಂತೆ ತಿರುಗುತ್ತವೆ, ಮೂಡಲು ಮೂಡಲೇ. ಪೇಟೆಯ ಮಕ್ಕಳಿಗೆ ಈ ಅಭ್ಯಾಸ ತಪ್ಪಿದೆ. ಬೇಲೂರು, ಹಳೇಬೀಡಿನಲ್ಲಿ ಅದನ್ನು ಮತ್ತೆ ಹಿಡಿಯುವುದು ಸುಲಭ. ಚೆನ್ನಕೇಶವನೂ ಹೊಯ್ಸಳೇಶ್ವರನೂ ಪೂರ್ವಕ್ಕೆ ಮುಖ ಮಾಡಿದ್ದಾರೆ. ಗರ್ಭಗುಡಿಗೆ ಎದುರಾಗಿ ಕೈಮುಗಿದು ನಿಂತರೆ ನೀವು ಪಶ್ಚಿಮಕ್ಕೆ ನಿಂತಿದ್ದೀರಿ, ಬಲಗೈ ಕಡೆ ಉತ್ತರ. ಕಬ್ಬಿಣ ಹತ್ತಿರ ಬಂದರೂ ಕೆಡದ ದಿಕ್ಸೂಚಿ ಇದು. ಬ್ಯಾಟರಿಯೂ ಬೇಡ.

ಬೇಲೂರಿನ ಆವರಣದೊಳಗೆ ಹೋದ ಮೇಲೆ ನಕ್ಷೆ ಕೈ ಚೆಲ್ಲುತ್ತದೆ. ಕಪ್ಪೆ ಚೆನ್ನಿಗರಾಯ, ವೀರನಾರಾಯಣ, ಸೌಮ್ಯನಾಯಕಿ, ರಂಗನಾಯಕಿ, ಕಲ್ಯಾಣಿ, ಇವೆಲ್ಲ ಒಂದೇ ಗೋಡೆಯೊಳಗಿವೆ. ಕಾರಿನವರ ನಕ್ಷೆಗೆ ಇವೆಲ್ಲ ಸೇರಿ ಒಂದು ಗುರುತು. ಆ ಗುರುತೂ ಸಾಮಾನ್ಯವಾಗಿ ಕಟ್ಟಡದ ನಟ್ಟನಡುವೆ ಇರುತ್ತದೆ. ನಡೆದು ಬರುವವರಿಗೆ ಬೇಕಾದದ್ದು ಕಟ್ಟಡದ ನಡುವಲ್ಲ, ಬಾಗಿಲು. ಸುತ್ತ ಎತ್ತರದ ಗೋಡೆ ಇರುವ ಯಾವ ಜಾಗಕ್ಕಾದರೂ ಈ ಮಾತು ಸಲ್ಲುತ್ತದೆ: ದೇವಾಲಯ, ಆಸ್ಪತ್ರೆ, ಕಾಲೇಜು, ಪರೀಕ್ಷಾ ಕೇಂದ್ರ. ಸಿಇಟಿ ಪರೀಕ್ಷೆಯ ಬೆಳಿಗ್ಗೆ ಅಪರಿಚಿತ ಊರಿನಲ್ಲಿ ಮಗುವನ್ನು ಕರೆದುಕೊಂಡು ಹೋದ ತಂದೆತಾಯಿಗೆ ಹಿಂಬದಿಯ ಗೋಡೆಯ ಬಳಿ "ನೀವು ತಲುಪಿದ್ದೀರಿ" ಎಂಬ ದನಿ ಕೇಳಿಸಿದರೆ ಹೇಗಾದೀತು? ಬಾಗಿಲು ಎಲ್ಲಿದೆ ಎಂಬ ಒಂದು ಚಿಕ್ಕ ಗುರುತು ನೂರು ಅಂಗಡಿಗಳ ಹೆಸರಿಗಿಂತ ದೊಡ್ಡ ಉಪಕಾರ.

ಅಷ್ಟರಲ್ಲಿ ತಂದೆ ತನ್ನ ಆಸೆ ತೀರಿಸಿಕೊಂಡಿರುತ್ತಾನೆ. ಎಳನೀರು ಕುಡಿಯುವ ನೆಪದಲ್ಲಿ ಹಳೇಬೀಡಿನ ಬಸ್ಸಿನ ವಿಚಾರ ಕೇಳುತ್ತಾನೆ. "ಹಿಂಗೇ ಸೀದಾ ಹೋಗಿ ಸಾರ್, ಗೋಪುರ ಬೆನ್ನಿಗೆ ಬಿಟ್ಕೊಂಡು. ದೊಡ್ಡ ರಸ್ತೆ ಸಿಗ್ತದೆ, ಅಲ್ಲೇ ಬಸ್‌ಸ್ಟ್ಯಾಂಡು" ಎಂಬ ಉತ್ತರ ಬರುತ್ತದೆ. ಈ ಮಾತಿನಲ್ಲಿ ಮೀಟರಿಲ್ಲ, ವಾಯವ್ಯವಿಲ್ಲ, ಬೀದಿಯ ಹೆಸರೂ ಇಲ್ಲ. ಕಣ್ಣಿಗೆ ಕಾಣುವ ಎರಡು ವಸ್ತು, ಅವುಗಳಿಗೆ ನಮ್ಮ ಮೈ ಹೇಗಿರಬೇಕು ಎಂಬುದು, ಇಷ್ಟೇ. ಕೇಳಿದವರು ಮತ್ತೊಮ್ಮೆ ಕೇಳಬೇಕಾಗಿಲ್ಲ.

ನಮ್ಮ ಜನ ದಾರಿ ಹೇಳುವುದು ಹೀಗೆಯೇ ಎಂಬುದನ್ನು ನಕ್ಷೆಯ ಕಂಪನಿಗಳೂ ಕಲಿತುಕೊಂಡವು. 2009ರ ಡಿಸೆಂಬರಿನಲ್ಲಿ ಗೂಗಲ್ ಭಾರತದ ದಾರಿಸೂಚನೆಗಳಲ್ಲಿ ಹೆಗ್ಗುರುತುಗಳನ್ನು ಸೇರಿಸಲು ಆರಂಭಿಸಿತು. ಇಂಥ ಪೆಟ್ರೋಲ್ ಬಂಕ್ ದಾಟಿದ ಮೇಲೆ ತಿರುಗಿ, ಇಂಥದ್ದು ಸಿಕ್ಕರೆ ಮುಂದೆ ಹೋಗಿದ್ದೀರಿ ಎಂಬ ರೀತಿ. ಬೀದಿಯ ಹೆಸರು ಯಾರೂ ಬಳಸದ ಊರುಗಳಲ್ಲಿ ಬೀದಿಯ ಹೆಸರಿನಿಂದ ದಾರಿ ಹೇಳಿ ಪ್ರಯೋಜನವಿಲ್ಲವಷ್ಟೆ.

ಹೊಯ್ಸಳರ ಕಾಲದ ಶಾಸನಗಳನ್ನು ಓದಿದವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಬಿ.ಎಲ್. ರೈಸ್ ಅವರು 1902ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕ'ದ ಐದನೆಯ ಸಂಪುಟ ಹಾಸನ ಜಿಲ್ಲೆಯ ಶಾಸನಗಳದ್ದು. ಇಂಥ ದಾನಶಾಸನಗಳಲ್ಲಿ ಭೂಮಿಯ ಎಲ್ಲೆಯನ್ನು ಹೇಳುವ ಕ್ರಮ ನೋಡಬೇಕು. ಮೂಡಲು ಇಂಥ ಕಲ್ಲು, ತೆಂಕಲು ಇಂಥ ಕೆರೆ, ಪಡುವಲು ಇಂಥ ಮರ, ಬಡಗಲು ಇಂಥ ಹಳ್ಳ ಎಂದು ಒಂದು ಸುತ್ತು ನಡೆಸಿಕೊಂಡು ಬರುತ್ತಾರೆ. ನಕ್ಷೆಯೇ ಇಲ್ಲದೆ ಮಾತಿನಲ್ಲೇ ನಕ್ಷೆ. ಗುರುತು ಸಾಲದಿದ್ದರೆ ತಾವೇ ನೆಟ್ಟರು: ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ವಿಷ್ಣುವಿನದಕ್ಕೆ ವಾಮನಮುದ್ರೆಯ ಕಲ್ಲು, ಬಸದಿಯದಕ್ಕೆ ಮುಕ್ಕೊಡೆಯ ಕಲ್ಲು. ಓದು ಬಾರದವನೂ ಚಿಹ್ನೆ ನೋಡಿ ಯಾರ ಭೂಮಿ ಎಂದು ತಿಳಿಯುತ್ತಿದ್ದ. ಪುಟ್ಟ ಜಾಗದಲ್ಲಿ ಎಲ್ಲರಿಗೂ ತಿಳಿಯುವ ಚಿಹ್ನೆಯನ್ನು ಇಡುವುದು ಹೇಗೆ ಎಂದು ಇಂದು ಮೊಬೈಲಿನ ವಿನ್ಯಾಸಕಾರರು ತಲೆ ಕೆಡಿಸಿಕೊಳ್ಳುವ ಪ್ರಶ್ನೆಯನ್ನು ಆ ಕಲ್ಲುಕುಟಿಗರು ತಮ್ಮ ರೀತಿಯಲ್ಲಿ ಬಿಡಿಸಿದ್ದರು.

ಬೇಲೂರಿನಿಂದ 16 ಕಿ.ಮೀ. ಬಂದರೆ ಹಳೇಬೀಡು. ಹೊಯ್ಸಳೇಶ್ವರ ದೇವಾಲಯ ಬಸ್ಸಿಳಿದ ಕಡೆಗೆ ಹತ್ತಿರದಲ್ಲೇ ಇದೆ. ಅದನ್ನು ನೋಡುವಷ್ಟರಲ್ಲಿ ಕಾಲು ಸೋತಿರುತ್ತದೆ, ಬಿಸಿಲು ಏರಿರುತ್ತದೆ. ಬಹಳ ಮಂದಿ ಅಷ್ಟಕ್ಕೇ ತೃಪ್ತರಾಗಿ ಹಿಂದಿರುಗುತ್ತಾರೆ. ನಷ್ಟ ಆಗುವುದು ಇಲ್ಲೇ. ಅಲ್ಲಿಂದ ನಡೆದು ಹೋಗಬಹುದಾದ ದೂರದಲ್ಲಿ ಬಸ್ತಿಹಳ್ಳಿಯ ಮೂರು ಬಸದಿಗಳಿವೆ: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಅದೇ ದಾರಿಯಲ್ಲಿ ಇನ್ನಷ್ಟು ಮುಂದೆ ಎರಡನೆಯ ವೀರಬಲ್ಲಾಳನೂ ರಾಣಿ ಕೇತಲದೇವಿಯೂ ಕಟ್ಟಿಸಿದ ಕೇದಾರೇಶ್ವರ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ದೂರದವರು ಹೆಚ್ಚಾಗಿ ಬರುತ್ತಾರೆ. ಬಂದವರು ಒಂದು ಕಿಲೋಮೀಟರಿನ ಆಸುಪಾಸಿನಲ್ಲಿರುವುದನ್ನು ನೋಡದೆ ಹೋದರೆ ಅದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಮುಂದೆ ಏನಿದೆ, ಎಷ್ಟು ಹೊತ್ತಿನ ನಡಿಗೆ, ನೆರಳಿದೆಯೇ, ಮರಳಿ ಬಸ್ಸಿಗೆ ಇದೇ ದಾರಿಯೇ ಎಂದು ಯಾರೂ ಹೇಳಲಿಲ್ಲ. ನಕ್ಷೆ ಹೇಳಬಹುದಿತ್ತು.

ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ 1960ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ, ಜನ ತಮ್ಮ ಊರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಐದು ಸಂಗತಿಗಳಿಂದ ಎಂದು ಹೇಳಿದ: ದಾರಿ, ಅಂಚು, ಕೇರಿ, ದಾರಿಗಳು ಕೂಡುವ ಜಾಗ ಮತ್ತು ಹೆಗ್ಗುರುತು. ಹಳೇಬೀಡಿನಲ್ಲಿ ಈ ಐದೂ ಬೆರಳೆಣಿಕೆಯಲ್ಲಿ ಸಿಗುತ್ತವೆ. ದ್ವಾರಸಮುದ್ರ ಎಂಬ ಹೆಸರಿಗೆ ಕಾರಣವಾದ ದೊಡ್ಡ ಕೆರೆ ಪೂರ್ವಕ್ಕೆ ಅಂಚು. ಹೊಯ್ಸಳೇಶ್ವರ ಹೆಗ್ಗುರುತು. ಬಸದಿಗಳತ್ತ ಹೋಗುವುದು ಒಂದು ದಾರಿ. ಇಷ್ಟನ್ನು ಪರದೆಯ ಮೇಲೆ ದಪ್ಪವಾಗಿ ಬರೆದು ಉಳಿದದ್ದನ್ನು ತೆಳುವಾಗಿಸಿದರೆ ನಡೆಯುವವರ ನಕ್ಷೆ ಮುಕ್ಕಾಲು ಪಾಲು ಆದಂತೆಯೇ. ನಕ್ಷೆ ಬರೆಯುವ ವಿದ್ಯೆಯಲ್ಲಿ ಬಿಡುವುದೇ ಕಷ್ಟದ ಕೆಲಸ.

ಚಿಕ್ಕ ಪರದೆಗೆ ಹೊಂದುವ ಒಂದು ಹಳೆಯ ಉಪಾಯವೂ ಇದೆ. 1675ರಲ್ಲಿ ಜಾನ್ ಓಗಿಲ್ಬಿ ಎಂಬಾತ ಇಂಗ್ಲೆಂಡಿನ ರಸ್ತೆಗಳನ್ನು ಉದ್ದನೆಯ ಪಟ್ಟಿಗಳಾಗಿ ಅಚ್ಚು ಹಾಕಿಸಿದ. ದೇಶದ ಆಕಾರ ಅದರಲ್ಲಿಲ್ಲ. ದಾರಿ ಒಂದೇ, ಕೆಳಗಿನಿಂದ ಮೇಲಕ್ಕೆ. ಎರಡೂ ಬದಿಗೆ ಸಿಗುವ ಸೇತುವೆ, ಗುಡ್ಡ, ಇಗರ್ಜಿ. ದಾರಿ ತಿರುಗಿದಂತೆ ದಿಕ್ಸೂಚಿಯ ಚಿತ್ರ ಪಟ್ಟಿಯಿಂದ ಪಟ್ಟಿಗೆ ತಿರುಗುತ್ತದೆ, ದಾರಿ ಮಾತ್ರ ಮೇಲಕ್ಕೇ ಹೋಗುತ್ತದೆ. ನಮ್ಮ ಮೊಬೈಲಿನ ಪರದೆಯೂ ಉದ್ದನೆಯ ಪಟ್ಟಿಯೇ ತಾನೇ? ಮೇಲೆ ಹಾಕಿದ ಲೆಕ್ಕದ ಪ್ರಮಾಣದಲ್ಲಿ ಅದರ 15 ಸೆಂ.ಮೀ. ಉದ್ದಕ್ಕೆ 850 ಮೀಟರಿನಷ್ಟು ದಾರಿ ಹಿಡಿಯುತ್ತದೆ. ಹೊಯ್ಸಳೇಶ್ವರನನ್ನು ಕೆಳಗಿಟ್ಟು, ಬಸದಿಗಳನ್ನು ನಡುವೆ, ಕೇದಾರೇಶ್ವರನನ್ನು ಮೇಲಿಟ್ಟರೆ ಬೆರಳನ್ನು ಒಂದೆರಡು ಬಾರಿ ಸರಿಸುವಷ್ಟರಲ್ಲಿ ಮುಗಿಯುತ್ತದೆ.

ಹೊಯ್ಸಳೇಶ್ವರದ ಹೊರಗೋಡೆಯನ್ನು ಸುತ್ತು ಹಾಕಿದವರಿಗೆ ಈ ಪಟ್ಟಿಯ ಉಪಾಯ ಪರಿಚಿತವೇ. ಕೆಳಗೆ ಆನೆಗಳ ಸಾಲು, ಮೇಲೆ ಸಿಂಹ, ಕುದುರೆ ಸವಾರರು, ಬಳ್ಳಿ, ಅದರ ಮೇಲೆ ರಾಮಾಯಣ, ಭಾರತದ ಕಥೆಗಳ ಪಟ್ಟಿ. ಇಡೀ ಕಥೆ ಒಮ್ಮೆಗೇ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಗೋಡೆಯನ್ನು ಬಲಕ್ಕಿಟ್ಟುಕೊಂಡು ನಡೆದಂತೆ ಎದುರಿನ ಎರಡು ಮಾರು ಕಂಡರೆ ಸಾಕು, ಮುಂದಿನದು ಮುಂದಿನ ಹೆಜ್ಜೆಗೆ.

ಇಲ್ಲಿಯ ಕೆರೆಯ ವಿಚಾರ ಒಂದು ಮಾತು. ನಕ್ಷೆಯಲ್ಲಿ ಕೆರೆ ವರ್ಷವೆಲ್ಲ ಒಂದೇ ನೀಲಿ. ಮಳೆ ಕೈಕೊಟ್ಟ ವರ್ಷ ನೀರು ಒಳಸರಿದು ಅಂಚಿನಲ್ಲಿ ದನ ಮೇಯುತ್ತಿದ್ದರೂ ಪರದೆಯ ಮೇಲೆ ಅಲೆಯಿಲ್ಲದ ತುಂಬು ಕೆರೆ. ಬಿಸಿಲಿನ ಕಷ್ಟವೂ ಉಂಟು. ಮಧ್ಯಾಹ್ನ ಹನ್ನೆರಡರ ಬೆಳಕಿನಲ್ಲಿ ಬಿಳಿಯ ನೆಲದ ಮೇಲಿನ ಬೂದು ಗೆರೆಗಳು ಕಾಣುವುದೇ ಇಲ್ಲ. ನಲವತ್ತೈದು ದಾಟಿದ ತಂದೆ ಕನ್ನಡಕ ತೆಗೆದು, ಹಾಕಿ, ಮೊಬೈಲನ್ನು ತೋಳುದ್ದ ಹಿಡಿದು, ಕೊನೆಗೆ "ನೀನೇ ನೋಡಮ್ಮಾ" ಎಂದು ಕೊಟ್ಟುಬಿಡುತ್ತಾನೆ. ತಂಪು ಕೋಣೆಯಲ್ಲಿ, ದೊಡ್ಡ ಪರದೆಯ ಮುಂದೆ ಕುಳಿತು ಇಂಥ ನಕ್ಷೆಗಳ ಬಣ್ಣ ಆರಿಸುವವರು ವರ್ಷಕ್ಕೊಮ್ಮೆಯಾದರೂ ಹಳೇಬೀಡಿನ ಬಿಸಿಲಿನಲ್ಲಿ ನಿಲ್ಲಬೇಕು.

ಇದನ್ನೆಲ್ಲ ದೂರದ ಕಂಪನಿಗಳೇ ಸರಿಪಡಿಸಲಿ ಎಂದು ಕಾಯಬೇಕಾಗಿಲ್ಲ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಆರಂಭಿಸಿದ 'ಓಪನ್‌ಸ್ಟ್ರೀಟ್‌ಮ್ಯಾಪ್' ಎಂಬ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ವಿಕಿಪೀಡಿಯದ ಹಾಗೆ. ಅದರಲ್ಲಿ ಕಟ್ಟಡದ ಬಾಗಿಲನ್ನು ಪ್ರತ್ಯೇಕವಾಗಿ ಗುರುತಿಸಲು ಅವಕಾಶವಿದೆ. ಊರ ಹೆಸರನ್ನು ಕನ್ನಡದಲ್ಲೇ ಸೇರಿಸಬಹುದು. ಕಾಲುಹಾದಿ, ಮೆಟ್ಟಿಲು, ಕುಡಿಯುವ ನೀರಿನ ನಲ್ಲಿ ಇವಕ್ಕೂ ಚಿಹ್ನೆಗಳಿವೆ. ನಕ್ಷೆ ತಯಾರಿಸಲು ಮೊದಲೇ ಅನುಮತಿ ಪಡೆಯಬೇಕೆಂಬ ಹಳೆಯ ಕಟ್ಟುಪಾಡುಗಳನ್ನು ಕೇಂದ್ರ ಸರ್ಕಾರ 2021ರ ಫೆಬ್ರುವರಿಯಲ್ಲಿ ಬಹಳಷ್ಟು ಸಡಿಲಿಸಿತು. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು ಗೋಡೆಯ ಮುಂದೆ ನಿಂತು ತೆಗೆಸಿಕೊಳ್ಳುವ ಫೋಟೊಗಳ ಜೊತೆಗೆ ಬಾಗಿಲು ಒಂದು, ನಲ್ಲಿ ಒಂದು, ನೆರಳಿನ ಮರ ಒಂದು ಗುರುತಿಸಿಕೊಂಡು ಹೋದರೆ ಮುಂದಿನ ವರ್ಷ ಬರುವವರಿಗೆ ದಾರಿ ಸಲೀಸು. ಹೊರಡುವ ಮುನ್ನ ಮನೆಯಲ್ಲೇ ಆ ಸೀಮೆಯ ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದ ಕಡೆಯೂ ಅದು ತೆರೆದುಕೊಳ್ಳುತ್ತದೆ ಎಂಬುದನ್ನೂ ತಂದೆತಾಯಿ ನೆನಪಿಡಬೇಕು.

ಕೇದಾರೇಶ್ವರದಿಂದ ಮರಳಿ ಬರುವಾಗ ಮಗಳ ಮೊಬೈಲಿನ ಬ್ಯಾಟರಿ ಕೆಂಪಾಗಿರುತ್ತದೆ. ಅವಳು ಅದನ್ನು ಬ್ಯಾಗಿಗೆ ಹಾಕಿ, ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಉದ್ದ ಗೆರೆ ಎಳೆಯುತ್ತಾಳೆ. ಕೆಳಗೆ ಬಸ್ ನಿಲ್ದಾಣ. ಆಮೇಲೆ ಎರಡು ನಂದಿ. ಮುಂದೆ ಬಸದಿ, ಹೊಳೆಯುವ ಕಂಬದ ಗುರುತಿಗೆ ಎರಡು ಅಡ್ಡಗೆರೆ. ಮೇಲ್ತುದಿಯಲ್ಲಿ ಒಂದು ನಕ್ಷತ್ರ. ಪಕ್ಕದಲ್ಲಿ ಕೆರೆಗೆ ಅಲೆಯಂಥ ಗೀಟುಗಳು, ಜಾಗ ಸಾಲದೆ ಅರ್ಧಕ್ಕೇ ನಿಂತಿವೆ. ತಂದೆ ಅದನ್ನು ತೋಳುದ್ದ ಹಿಡಿದು ನೋಡಿ, "ನಾವು ನೀರು ಕುಡಿದದ್ದು ಎಲ್ಲಿ ಹಾಕಿದ್ದೀಯಮ್ಮಾ?" ಎಂದು ಕೇಳುತ್ತಾನೆ. ಅರಸೀಕೆರೆಯ ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿದೆ. ಅವಳು ಟಿಕೆಟ್ಟನ್ನು ಮತ್ತೆ ಈಸಿಕೊಳ್ಳುತ್ತಾಳೆ.